ನಾಮಪತ್ರಕ್ಕೆ ಬಂದ ತಕರಾರು

ಮಂಡಲ ಪಂಚಾಯತಿನ ಹೆಂಗಸರ ಸೀಟಿಗೆ ಕಾಪುವಿನ ಸುಗಂಧಿ ನಾಮಪತ್ರ ಹಾಕಿದ್ದಾಳೆಂದು ಕೇಳಿ ಮೀನು ಮಾರ್ಕೆಟ್ಟಿನವರು ನಕ್ಕರು. ಅವಳ ಎದುರು ನಗಲಿಲ್ಲ. ಅವಳ ಎದುರು ನಿಂತು ಯಾರೂ ನಗದೆ ಹನ್ನೊಂದು ವರ್ಷ ಕಳೆದಿತ್ತು.

ಆಗ ತುರ್ತುಪರಿಸ್ಥಿತಿಯ ಕಾಲ. ಗಂಡಸರನ್ನು ಮಕ್ಕಳಾಗದ ಆಪರೇಶನ್ನಿಗೆ ಹಿಡಿದೊಯ್ಯಲು ಬಂದಿದ್ದಾರೆಂದು ಸುದ್ದಿ ಹಬ್ಬಿ, ಕಡಲ ಬದಿಯಲ್ಲಿ ಸರಕಾರದ ಜೀಪೊಂದು ಸುಟ್ಟುಹೋಗಿತ್ತು. ದಂಗೆ ಎಬ್ಬಿಸಿದವಳು ಎಂದು ಸುಗಂಧಿಯನ್ನು ಹತ್ತೊಂಬತ್ತು ದಿನ ಜೈಲಿನಲ್ಲಿ ಕೂಡಿಹಾಕಿದರು. ಆಮೇಲೆ ಸರಕಾರ ಬದಲಾಯಿತು, ಕೇಸು ವಿಚಾರಣೆಗೇ ಬರಲಿಲ್ಲ. ಊರಿನವರು ಮಾತ್ರ ಅದನ್ನು ತಾವೇ ತೀರ್ಮಾನಿಸಿಕೊಂಡರು. ಮದುವೆಗೆ ಕರೆಯುವ ಹೇಳಿಕೆ ಅವಳ ಮನೆ ದಾಟಿ ಆಚೆ ಮನೆಗೆ ಹೋಗುತ್ತಿತ್ತು. ಗಂಡ ಮೊದಲೇ ತೀರಿಕೊಂಡಿದ್ದ. ಗಂಜಿಗೆ ಉಪ್ಪು ಹಾಕುವಾಗ "ಸಾಕಾ?" ಎಂದು ಅವಳು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಗೆಲ್ಲುವ ಆಸೆ ಅವಳಿಗಿರಲಿಲ್ಲ. ಮತಪತ್ರದಲ್ಲಿ ಹೆಸರು ಬಂದರೆ ಊರು ಒಂದು ಸಲವಾದರೂ ತನ್ನ ವಿಷಯ ಕೂತು ಯೋಚಿಸಬೇಕಾಗುತ್ತದಲ್ಲ, ಅಷ್ಟೇ.

ಪರಿಶೀಲನೆಯ ದಿನ ಉಡುಪಿಯ ಕಚೇರಿಯಲ್ಲಿ ಅವಳದೇ ಕೇರಿಯ ದೇವದಾಸ ಎದ್ದು ನಿಂತ. ಅವನ ಹೆಂಡತಿ ಪ್ರಫುಲ್ಲಾ ಅದೇ ಸೀಟಿಗೆ ನಿಂತಿದ್ದಳು.

"ತಕರಾರು ಉಂಟು ಸಾರ್. ಇವರು ಸರಕಾರದ ಜೀಪಿಗೆ ಬೆಂಕಿ ಕೊಟ್ಟವರು. ಸರಕಾರವನ್ನೇ ಬೀಳಿಸಲು ಹೊರಟವರಿಗೆ ಸರಕಾರದ ಕುರ್ಚಿ ಎಂತಕ್ಕೆ?"

"ತೀರ್ಪಿನ ಪ್ರತಿ ಉಂಟಾ?" ಚುನಾವಣಾ ಅಧಿಕಾರಿ ತಲೆಯೆತ್ತದೆ ಕೇಳಿದರು.

"ತೀರ್ಪು ಇಲ್ಲ. ಇಡೀ ಊರಿಗೆ ಗೊತ್ತುಂಟು."

"ಊರಿಗೆ ನಿಮ್ಮ ವಿಷಯವೂ ಎಂತಾದರೂ ಗೊತ್ತಿರಬಹುದು ಮಾರಾಯರೆ. ಅದಕ್ಕೆಲ್ಲ ಹೆಸರು ಹೊಡೆದುಹಾಕುತ್ತಾ ಹೋದರೆ ಮತಪತ್ರದಲ್ಲಿ ಬರೀ ಚಿಹ್ನೆ ಉಳಿದೀತು."

ಕೂತವರೆಲ್ಲ ನಕ್ಕರು. ದೇವದಾಸ ಬಿಡಲಿಲ್ಲ. "ಹಾಗಾದರೆ ಶಿಕ್ಷೆ ಆಗದವರೆಲ್ಲ ಒಳ್ಳೆಯವರಾ ಸಾರ್?"

"ಅದನ್ನು ಮತದಾರರು ನೋಡಲಿ. ಆಪಾದನೆ ಒಂದೇ ಸಾಕೆಂದು ಕಾನೂನಿನಲ್ಲಿ ಇಲ್ಲ."

ಸುಗಂಧಿ ಮೆಲ್ಲನೆ ಎದ್ದಳು. "ಆ ದಿನ ಎಂತ ಆಯಿತು ಅಂತ ಒಂದು ಸಲ ನನ್ನನ್ನು ಕೇಳಿ ಸಾರ್."

"ಬೇಡಮ್ಮ, ಕೇಳಿದರೆ ಬರೆದುಕೊಳ್ಳಬೇಕಾಗುತ್ತದೆ, ನಿಮಗೇ ತೊಂದರೆ. ನಾಮಪತ್ರ ಸ್ವೀಕರಿಸಿದ್ದೇನೆ. ಮುಂದಿನವರು ಯಾರು?"

ಹೆಸರು ಉಳಿಯಿತು. ಶುಭ ಹೇಳಲು ಯಾರೂ ಹತ್ತಿರ ಬರಲಿಲ್ಲ. ಅವಳು ಹೊರಗೆ ಬಂದು ಬಸ್ಸಿಗೆ ನಿಂತಳು. ಗೆದ್ದ ಹಾಗೆ ಅನಿಸಲಿಲ್ಲ. ಅಂಗಡಿಯವನು ಸಾಮಾನು ಕೊಡದೆ ಚೀಲ ಮಾತ್ರ ಕೈಗಿಟ್ಟು ಕಳಿಸಿದ ಹಾಗಿತ್ತು.

ಸ್ವಲ್ಪ ಹೊತ್ತಿನಲ್ಲಿ ದೇವದಾಸನೂ ಅಲ್ಲಿಗೇ ಬಂದ. ಅತ್ತಿತ್ತ ನೋಡಿ ಕೇಳಿದ, "ಸುಗಂಧಕ್ಕ, ನಿಜವಾಗಿ ಎಂತ ಆದದ್ದು ಆವತ್ತು?"

ಭಾಷಣಕ್ಕೆ ಸರಕು ಹುಡುಕುತ್ತಿದ್ದಾನೆಂದು ಅವಳಿಗೆ ತಿಳಿಯಿತು. ಆದರೂ ಹನ್ನೊಂದು ವರ್ಷದಲ್ಲಿ ಕೇಳಿದವನು ಇವನೊಬ್ಬನೇ.

"ಕಲ್ಲು ಎಸೆದದ್ದು ಹೌದು. ಒಂದೇ ಒಂದು. ಗ್ಲಾಸಿಗೆ ತಾಗಿತು. ಬೆಂಕಿ ಕೊಟ್ಟವಳು ನಾನಲ್ಲ, ಕೊಟ್ಟವರು ಯಾರೆಂದು ಹೇಳುವುದಿಲ್ಲ."

ದೇವದಾಸ ಕಣ್ಣರಳಿಸಿದ. "ಇದನ್ನು ನಾನು ಮೈಕಿನಲ್ಲಿ ಹೇಳಿದರೆ?"

"ಹೇಳು ಮಾರಾಯ. ಕಲ್ಲಿಗೇ ನಿಲ್ಲಿಸಬೇಡ, ಪೂರ್ತಿ ಹೇಳು. ನಮ್ಮ ಕೇರಿಯ ಗಂಡಸರೆಲ್ಲ ದೋಣಿ ಹತ್ತಿ ಕಡಲಿನಲ್ಲಿ ಅಡಗಿದ್ದರು. ನಿನ್ನ ಅಪ್ಪನೂ ಇದ್ದರು. ದಡದಲ್ಲಿ ಇದ್ದದ್ದು ನಾವು ಹೆಂಗಸರು..."

ಕಾಪುವಿನ ಬಸ್ಸು ಬಂತು, ನಿಂತಿತು, ಹೋಯಿತು. ಅವಳು ಹತ್ತಲಿಲ್ಲ. ದೇವದಾಸನೂ ಹತ್ತಲಿಲ್ಲ.