ಒಂದು ಮೊಳ ಬಿಸಿಲು

ಗುಬ್ಬಿಗೆ ನಡೆಯಲು ಆಗುತ್ತಿರಲಿಲ್ಲ. ತೊಡೆಸಂದಿ ಹಸಿಹುಣ್ಣಾಗಿತ್ತು. ಕಾಲು ಅಗಲಿಸಿಕೊಂಡು, ಗೋಡೆ ಹಿಡಿದುಕೊಂಡು, ಕಂಪನಿಯ ಹಾಸ್ಟೆಲಿನಿಂದ ಕೆಲಸದ ಷೆಡ್ಡಿಗೆ ಬರುತ್ತಿದ್ದಳು. ಅವಳು ನನ್ನ ತಂಗಿಯ ಮಗಳು. ಮೈ ಸಣ್ಣದು, ಬಾಯಿ ದೊಡ್ಡದು, ಅದಕ್ಕೇ ಎಲ್ಲರಿಗೂ ಅವಳು ಗುಬ್ಬಿ. ಕೆಲಸಕ್ಕೆ ಅಂತ ಇಲ್ಲಿಗೆ ಕರೆದುಕೊಂಡು ಬಂದವಳು ನಾನೇ. ನಾಳೆ ಅವಳ ತಾಯಿಗೆ ಏನು ಜವಾಬು ಕೊಡಲಿ?

"ರಜ ಕೇಳೇ," ಅಂದೆ.

"ಯಾಕೆ ಅಂದ್ರೆ ಏನು ಹೇಳ್ಲಿ ದೊಡ್ಡಮ್ಮ?"

"ಜ್ವರ ಅನ್ನು. ಜ್ವರ ಇದ್ಯಲ್ಲ."

"ಹೋದ ತಿಂಗಳೂ ಅದನ್ನೇ ಹೇಳಿದ್ದೆ. 'ನಿನಗೆ ತಿಂಗಳಿಗೊಂದು ಸಲ ಜ್ವರ ಬರುತ್ತಾ' ಅಂತ ಮ್ಯಾನೇಜರ್ ನಕ್ಕರು."

ನಮ್ಮದು ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ. ಬೆಳಗಾದರೆ ಲಾರಿ ತುಂಬ ಕೊಳೆ ಬರುತ್ತದೆ. ಹಾಸಿಗೆ ಬಟ್ಟೆ, ಟವೆಲು, ಸ್ನಾನ ಮಾಡಿ ಹಾಕಿಕೊಳ್ಳುವ ದಪ್ಪ ನಿಲುವಂಗಿ. ಹೋಗುವಾಗ ಎಲ್ಲ ಬೆಳ್ಳಗೆ, ಬೆಚ್ಚಗೆ, ಗರಿಗರಿ. ಒಣಗಿಸುವ ಮಿಷನ್ನುಗಳು ಬಾಗಿಲಿಗಿಂತ ಎತ್ತರ. ಒದ್ದೆ ಕಂಬಳಿ ತುರುಕಿದರೂ ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತದೆ. ಆದರೆ ನಮ್ಮ ಒಂದು ಕರ್ಚೀಫೂ ಅದರೊಳಗೆ ಹೋಗುವಂತಿಲ್ಲ. ಹೋದರೆ ಕೆಲಸ ಹೋಯಿತು ಅಂತಲೇ ಲೆಕ್ಕ.

ಮೊದಲು ಕಂಪನಿಯವರು ಮುಟ್ಟಿಗೆ ಅಂಗಡಿಯ ಪ್ಯಾಡು ಕೊಡುತ್ತಿದ್ದರು. ಚರಂಡಿ ಕಟ್ಟಿಕೊಂಡಿತು. ಕಸದ ಗಾಡಿಯವರು "ಇದನ್ನೆಲ್ಲ ನಾವು ಎತ್ತಲ್ಲ" ಅಂದರು. ಆಮೇಲೊಂದು ದಿನ ಒಬ್ಬ ಮೇಡಂ ಬಂದರು. ನಮ್ಮನ್ನೆಲ್ಲ ನೆಲದ ಮೇಲೆ ಕೂರಿಸಿ, ಗೋಡೆ ಮೇಲೆ ಚಿತ್ರ ಬಿಟ್ಟು ಪಾಠ ಹೇಳಿದರು. ಪ್ಲಾಸ್ಟಿಕ್ ಪ್ಯಾಡು ನಮ್ಮ ಮೊಮ್ಮಕ್ಕಳು ಸತ್ತರೂ ಮಣ್ಣಲ್ಲಿ ಕರಗುವುದಿಲ್ಲವಂತೆ. ಬಟ್ಟೆ ಪ್ಯಾಡು ಭೂಮಿಗೆ ಒಳ್ಳೆಯದಂತೆ, ಮೈಗೂ ಆರಾಮವಂತೆ. ಒಬ್ಬೊಬ್ಬರಿಗೂ ಒಂದೊಂದು ಕಟ್ಟು ಕೊಟ್ಟರು. ನೀಲಿ ಹೂವಿನ ಬಟ್ಟೆ. ಅದನ್ನು ಎದೆಗೆ ಹಿಡಿದು ನಿಲ್ಲಿಸಿ ಫೋಟೋ ತೆಗೆದರು.

ಹರಿದ ಹಾಸಿಗೆ ಬಟ್ಟೆಗೆ ಹೊಲಿಗೆ ಹಾಕುವ ಸೂಜಿ ಅಜ್ಜಿ ಮಾತ್ರ ಎದ್ದು ನಿಂತಳು. "ಇದನ್ನ ಒಣಗ್ಸೋದೆಲ್ಲಿ ತಾಯಿ?"

"ಬಿಸಿಲಲ್ಲಿ ಅಜ್ಜಿ. ಬಿಸಿಲಿಗಿಂತ ಒಳ್ಳೆ ಔಷಧಿ ಇಲ್ಲ."

"ಬಿಸಿಲೆಲ್ಲಿದೆ?"

ಮೇಡಂ ನಕ್ಕುಬಿಟ್ಟರು. ಅಜ್ಜಿ ತಮಾಷೆ ಮಾಡಿದಳು ಅಂದುಕೊಂಡರು ಪಾಪ. ಮ್ಯಾನೇಜರೂ ನಕ್ಕ. ಮಾರನೆಯ ದಿನದಿಂದ ಅಂಗಡಿಯ ಪ್ಯಾಡು ಬಂದ್.

ಬಟ್ಟೆ ಒಳ್ಳೆಯದೇ, ಸುಳ್ಳು ಯಾಕೆ ಹೇಳಲಿ. ಮೆತ್ತಗಿತ್ತು. ಪ್ಲಾಸ್ಟಿಕಿನ ಹಾಗೆ ಬೆವರಿಗೆ ಅಂಟಿ ಉರಿಯುತ್ತಿರಲಿಲ್ಲ. ಅದು ಕೇಳಿದ್ದು ಒಂದಿಷ್ಟು ನೀರು, ಒಂದು ಮೊಳ ಬಿಸಿಲು, ಅಷ್ಟೇ. ನಮ್ಮ ಹಾಸ್ಟೆಲಿನ ಕಿಟಕಿ ತೆಗೆದರೆ ಪಕ್ಕದ ಗೋಡೆ. ಮಾಳಿಗೆಗೆ ಬೀಗ. ಬಿಸಿಲು ಬೀಳುವುದು ಲಾರಿ ನಿಲ್ಲುವ ಅಂಗಳದಲ್ಲಿ ಮಾತ್ರ. ಒಂದು ಸಲ ಅಲ್ಲಿ ಹಗ್ಗ ಕಟ್ಟಿದ್ದೆವು. ಮ್ಯಾನೇಜರ್ ನಿಂತು ಕತ್ತರಿಸಿ ಹಾಕಿಸಿದ. "ಹೋಟೆಲ್ನೋರು ಬರೋ ಜಾಗ ಇದು. ಅವರ ಕಣ್ಣಿಗೆ ಈ ದರಿದ್ರ ಬೀಳ್ಬೇಕಾ?"

ಹಾಗಾಗಿ ಮಂಚದ ಕೆಳಗೆ ಹರಡಿದೆವು. ಬಚ್ಚಲ ಬಾಗಿಲ ಹಿಂದೆ ನೇತುಹಾಕಿದೆವು. ಒಣಗಲೇ ಇಲ್ಲ. ಮುಗ್ಗಲು ವಾಸನೆ. ಆ ಒದ್ದೆಯನ್ನೇ ಕಟ್ಟಿಕೊಂಡು ದಿನವಿಡೀ ನಿಂತು ಲೋಕದವರ ಟವೆಲು ಒಣಗಿಸಿದೆವು. ದೀಪದ ಬುಡ ಕತ್ತಲು ಅನ್ನುವುದು ಇದಕ್ಕೇ ಇರಬೇಕು.

ಗುಬ್ಬಿಗೆ ತಡೆಯಲಾಗಲಿಲ್ಲ. ಒಂದು ದಿನ ಮಿಷನ್ನಿಗೆ ನಿಲುವಂಗಿ ತುಂಬುವಾಗ ತನ್ನದೊಂದು ಬಟ್ಟೆಯನ್ನೂ ನಡುವೆ ತುರುಕಿದಳು. ತೆಗೆಯುವಾಗ ಎಷ್ಟು ಕೊಡವಿದರೂ ಅದು ಸಿಗಲಿಲ್ಲ. ಹಿಂದೆಯೇ ಇನ್ನೊಂದು ರಾಶಿ ಬಂದು ಬಿತ್ತು.

"ದೊಡ್ಡಮ್ಮ, ನಂದೊಂದು ಕಾಣ್ತಿಲ್ಲ," ಅಂದಳು.

ಮಾರನೆಯ ಬೆಳಿಗ್ಗೆ ಮ್ಯಾನೇಜರ್ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು, ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡು ಬಂದ. ಮಿಷನ್ನುಗಳನ್ನೆಲ್ಲ ನಿಲ್ಲಿಸಿದ.

"ಹೋಟೆಲಿಗೆ ಬಂದ ದೊಡ್ಡ ಮನುಷ್ಯರು ನಿಲುವಂಗಿ ತೋಳಿಗೆ ಕೈ ಹಾಕಿದ್ರಂತೆ. ಕೈ ಜೊತೆ ಇದೂ ಹೊರಗೆ ಬಂತಂತೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ನಗ್ತೀರಾ? ನಾಚಿಕೆ ಆಗಲ್ವಾ?"

"ಒಗೆದಿರೋದೇ ಅಲ್ವಾ ಸಾರ್," ಅಂದಳು ಸೂಜಿ ಅಜ್ಜಿ. "ಅವರು ಕಳ್ಸೋ ಟವೆಲಿಗಿಂತ ಶುದ್ಧವಾಗಿದೆ."

"ನೀನು ಸುಮ್ನಿರಜ್ಜಿ!" ಚೀಲದ ಹೊರಗಿನಿಂದಲೇ ಬಟ್ಟೆ ತಿರುಗಿಸಿದ. ಅಂಚಿನಲ್ಲಿ ಕೆಂಪು ದಾರ ಕಂಡಿತು. "ಇದೇನಿದು? ಗುರುತಾ?"

ಎಲ್ಲರದೂ ಅದೇ ನೀಲಿ ಹೂವಲ್ಲವೇ? ಅದಲುಬದಲಾಗಬಾರದೆಂದು ಅಜ್ಜಿ ಒಬ್ಬೊಬ್ಬರದಕ್ಕೂ ಒಂದೊಂದು ಗುರುತು ಹೊಲಿದಿದ್ದಳು. ನನಗೆ ಸೊನ್ನೆ. ಗುಬ್ಬಿಗೆ ಮೂರು ಗೆರೆಯ ಗುಬ್ಬಿ ಕಾಲು.

"ಊಟದ ಬಿಡುವು ಮುಗಿಯೋದ್ರೊಳಗೆ ಎಲ್ಲರೂ ನಿಮ್ಮ ನಿಮ್ಮ ಬಟ್ಟೆ ತಂದು ಈ ಮೇಜಿನ ಮೇಲೆ ಇಡ್ಬೇಕು. ಈ ಗುರುತು ಯಾರದೋ ಅವಳು ಇವತ್ತೇ ಗಂಟುಮೂಟೆ ಕಟ್ಟಬೇಕು. ಹಾಸ್ಟೆಲೂ ಇಲ್ಲ, ಕೆಲಸಾನೂ ಇಲ್ಲ. ಬೇರೆ ಯಾವ ಲಾಂಡ್ರಿನೂ ಸೇರಿಸ್ಕೊಳ್ಳದ ಹಾಗೆ ನಾನು ನೋಡ್ಕೋತೀನಿ."

ಗುಬ್ಬಿ ಮೇಲೆ ಬ್ರಹ್ಮಾಸ್ತ್ರ ಅಂತಾರಲ್ಲ, ಅದನ್ನು ಅವತ್ತು ಕಣ್ಣಾರೆ ಕಂಡೆ.

ಊಟಕ್ಕೆ ಯಾರೂ ಹೋಗಲಿಲ್ಲ. ಹಾಸ್ಟೆಲಿನಲ್ಲಿ ಗುಬ್ಬಿ ತನ್ನ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

"ನಾನೇ ಹೋಗಿ ಒಪ್ಕೋತೀನಿ ದೊಡ್ಡಮ್ಮ."

"ಬಾಯಿ ಮುಚ್ಚೇ! ಏನು ಕೊಲೆ ಮಾಡಿದ್ದೀಯ ಒಪ್ಕೊಳ್ಳೋಕೆ?" ಕೂಗಿಬಿಟ್ಟೆ. ಕೋಪ ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳೇ.

ಆಗ ಸೂಜಿ ಅಜ್ಜಿ ತನ್ನ ತಗಡಿನ ಡಬ್ಬಿ ತಂದು ನೆಲಕ್ಕೆ ಸುರಿದಳು. ಸೂಜಿಗಳು, ಕೆಂಪು ದಾರದ ಉಂಡೆ.

"ಮೂರೇ ಹೊಲಿಗೆ. ಗುಬ್ಬಿ ಕಾಲು. ಯಾರಿಗೆ ಬರಲ್ಲ, ಹೇಳಿ."

ಇಸ್ತ್ರಿ ಮಾಡುವವಳು ಮೆಲ್ಲಗೆ ಕೇಳಿದಳು: "ಎಲ್ಲರನ್ನೂ ಓಡ್ಸಿದ್ರೆ ಅಜ್ಜಿ? ನನಗೆ ಎರಡು ಮಕ್ಕಳಿವೆ."

"ಓಡಿಸ್ಲಿ. ಬಾಗ್ಲಲ್ಲಿ ಬಿದ್ದಿರೋ ರಾಶಿ ಅವನೇ ಒಗೀಲಿ."

ಇಸ್ತ್ರಿಯವಳು ಮಂಚದ ಕೆಳಗೆ ಬಗ್ಗಿ ತನ್ನ ಬಟ್ಟೆ ಎಳೆದಳು. ಒದ್ದೆ ಮುದ್ದೆ. ಅದನ್ನು ನೋಡುತ್ತ, ನೋಡುತ್ತ, "ನನಗೂ ಹುಣ್ಣಾಗಿದೆ ಅಜ್ಜಿ," ಅಂದಳು. "ನಾಚಿಕೆಗೆ ಹೇಳಿರ್ಲಿಲ್ಲ."

"ನನಗೂ," ಅಂದಳು ಬಾಗಿಲ ಹತ್ತಿರ ಇದ್ದವಳು.

"ಅಯ್ಯೋ, ನನಗೊಬ್ಬಳಿಗೇ ಅಂದ್ಕೊಂಡಿದ್ದೆ!"

ಒಬ್ಬೊಬ್ಬಳೂ ಅದೇ ಅಂದಳು. ಒಂದೇ ಕೋಣೆಯಲ್ಲಿ ಮಲಗಿ ಏಳುವವರು ನಾವು. ಒಬ್ಬಳ ಉರಿ ಇನ್ನೊಬ್ಬಳಿಗೆ ಗೊತ್ತಿರಲಿಲ್ಲ. ನನಗೂ ಇತ್ತು. ನಾನೂ ಹೇಳಿರಲಿಲ್ಲ. ಸೂಜಿ ಸಿಕ್ಕವರು ಹೊಲಿದರು, ಸಿಗದವರು ಹಳೆಯ ಗುರುತನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದರು.

ಮೇಜಿನ ಮೇಲೆ ರಾಶಿ ಬಿತ್ತು. ಮ್ಯಾನೇಜರ್ ಪೆನ್ನಿನ ತುದಿಯಿಂದ ಒಂದನ್ನು ತಿರುಗಿಸಿದ. ಗುಬ್ಬಿ ಕಾಲು. ಇನ್ನೊಂದು. ಗುಬ್ಬಿ ಕಾಲು. ಮತ್ತೊಂದು. ಪೆನ್ನು ಸಾಲದೆ ಕೈ ಹಾಕಿದವನು ಸರಕ್ಕನೆ ಹಿಂದೆಗೆದ.

"ಥೂ! ಎಲ್ಲಾ ಒದ್ದೆ ಇದೆಯಲ್ಲ?"

"ಹೌದು ಸಾರ್," ಅಂದಳು ಅಜ್ಜಿ. "ಇದನ್ನೇ ಕಟ್ಕೊಂಡು ನಿಮ್ಮ ಕೆಲಸ ಮಾಡ್ತಿದ್ದೀವಿ. ಒಣಗಿರೋದು ನಿಮ್ಮ ಚೀಲದಲ್ಲಿರೋದು ಒಂದೇ."

ಅವನ ಮುಖ ಕಪ್ಪಿಟ್ಟಿತು. "ನನ್ನ ಹತ್ರ ಆಟ ಆಡ್ತೀರಾ? ಅವಳು ಯಾರು ಅಂತ ಹೇಳೋವರೆಗೂ ಎಲ್ಲರ ಕೂಲಿ ಕಟ್!"

"ಹಾಗಾದ್ರೆ ಕೆಲಸಾನೂ ಕಟ್," ಅಂದೆ. ಅಂದದ್ದು ನಾನೇನಾ ಅಂತ ನನಗೇ ಗುಮಾನಿ ಬಂತು.

ರಾಶಿಯನ್ನು ಬಾಚಿಕೊಂಡೆವು. ಆ ಚೀಲವನ್ನೂ ಎತ್ತಿಕೊಂಡೆ. ಗುಂಪಿನ ನಡುವೆ ಗುಬ್ಬಿಯ ಕೈಗೆ ತುರುಕಿ, "ಒಣಗಿದ್ದು ಹಾಕ್ಕೊಂಡು ಬಾ, ಹೋಗು," ಅಂದೆ.

ಗಂಟು ಕಟ್ಟುವ ಹಗ್ಗ ಬಿಚ್ಚಿ, ಕಾವಲುಗಾರನ ಗೂಡಿನಿಂದ ದೀಪದ ಕಂಬಕ್ಕೆ, ಗೇಟಿಗೆ ಅಡ್ಡಲಾಗಿ ಎಳೆದು ಕಟ್ಟಿದೆವು. ನೀಲಿ ಹೂವುಗಳನ್ನು ಸಾಲಾಗಿ ನೇತುಹಾಕಿದೆವು. ಒಗೆದ ಬಟ್ಟೆ ತುಂಬಿದ ಲಾರಿ ಹೊರಡಲು ಬಂದು ಹಾರ್ನ್ ಹೊಡೆಯಿತು.

"ಅಕ್ಕಾ, ಹಗ್ಗ ಬಿಚ್ಚಿ. ಹೋಟೆಲಿಗೆ ತಡ ಆಗುತ್ತೆ."

"ಒಣಗ್ಲಿ ಬಿಡಣ್ಣ."

ಡ್ರೈವರ್ ಹಗ್ಗ ನೋಡಿದ, ನಮ್ಮನ್ನು ನೋಡಿದ. ಇಂಜಿನ್ ಆಫ್ ಮಾಡಿದ.

ಮ್ಯಾನೇಜರ್ ಓಡಿ ಬಂದ. "ತೆಗೀರಿ! ಈಗಲೇ ತೆಗೀರಿ!" ಯಾರೂ ಅಲುಗಾಡಲಿಲ್ಲ. ತಾನೇ ಹಗ್ಗದವರೆಗೆ ಹೋದ, ಕೈ ಎತ್ತಿದ. ಬಟ್ಟೆ ಗಾಳಿಗೆ ಅವನ ಕಡೆ ಹಾರಿತು. ಎತ್ತಿದ ಕೈ ಕೆಳಗಿಳಿಯಿತು. ಕಾವಲುಗಾರನನ್ನು ಕರೆದ. ಅವನು ನೆಲ ನೋಡಿದ. ಕೊನೆಗೆ ಮ್ಯಾನೇಜರ್ ಫೋನ್ ಕಿವಿಗಿಟ್ಟುಕೊಂಡು ಒಳಗೆ ಹೋದ. ಯಾರನ್ನು ಕರೆಸುತ್ತಾನೋ, ನಮ್ಮ ಪಾಡು ಏನಾಗುತ್ತದೋ, ನಮಗೆ ಗೊತ್ತಿರಲಿಲ್ಲ. ಇಸ್ತ್ರಿ ಮಾಡುವವಳು ಅಳುತ್ತಿದ್ದಳು, ಆದರೆ ಹಗ್ಗದ ತುದಿ ಬಿಟ್ಟಿರಲಿಲ್ಲ.

ಗುಬ್ಬಿ ಬಂದು ನನ್ನ ಪಕ್ಕ ಬಿಸಿಲಿನಲ್ಲಿ ಕಾಲು ಚಾಚಿ ಕುಳಿತಳು.

"ಒಣಗಿತಾ ದೊಡ್ಡಮ್ಮ?"

ಎದ್ದು ಒಂದನ್ನು ಬೆರಳಲ್ಲಿ ಒತ್ತಿ ನೋಡಿದೆ.

"ಇಲ್ಲ. ಲಾರಿ ಕಾಯ್ಲಿ."