ಎರಡು ಹಲ್ಲು ಹೆಚ್ಚು

ಹಗಲಲ್ಲೂ ಕತ್ತಲೆಯ ಶೆಡ್ಡು, ಬೋಲ್ಟಿನ ತಲೆಯ ಮೇಲೆ ಟಾರ್ಚಿನ ಬೆಳಕು ಅಲುಗದೆ ನಿಂತಿದೆ, ಟಾರ್ಚು ಮಗಳ ಕೈಯಲ್ಲಿದೆ, ಅವಳ ಕೈ ಯಾವತ್ತೂ ನಡುಗಿದ್ದಲ್ಲ, ಜಾರುತ್ತಿರುವುದು ತನ್ನ ಪಾನಾ — ಮೂರು ಬೋಲ್ಟು, ಕಣ್ಣು ಮುಚ್ಚಿ ಬಿಚ್ಚುವ ಕೆಲಸ, ನಲವತ್ತು ವರ್ಷದಿಂದ ಬೈಕುಗಳ ಚೈನು, ಹಲ್ಲುಚಕ್ರ ಬದಲಾಯಿಸಿ ಬದಲಾಯಿಸಿ ಇಡೀ ಬೀದಿಗೆ ಹಲ್ಲು ಡಾಕ್ಟ್ರು ಅನ್ನಿಸಿಕೊಂಡ ಮೆಕ್ಯಾನಿಕ್ಕಿಗೆ ಇವತ್ತು ಮೂರು ಬೋಲ್ಟು ಮೂರು ಬೆಟ್ಟ. ಎರಡು ಬಂದವು. ಮೂರನೆಯದನ್ನು ಬೇಕೆಂದೇ ಎಳೆದಾಡುತ್ತಿದ್ದಾನೆ. ಏನಪ್ಪ, ಕೈಲಿ ಆಗ್ತಿಲ್ವಾ, ನಾನು ಬಿಚ್ಚಲಾ ಅನ್ನುತ್ತಾಳೆ ಮಗಳು, ಬೋರಲು ಹಾಕಿದ ಆಯಿಲ್ ಡಬ್ಬದ ಮೇಲೆ ಕೂತು, ನೀರಿನ ಮೀಟರ್ ಓದುವ ಕೆಲಸದ ನೀಲಿ ಅಂಗಿಯಲ್ಲೇ ಬಂದಿದ್ದಾಳೆ, ನೀನು ಸುಮ್ಮನೆ ಬೆಳಕು ಹಿಡಿ ಸಾಕು ಅಂದು ಅವನು ಗದರಿದರೆ ನಗುತ್ತಾಳೆ, ಆ ನಗು ನೆಟ್ಟಗೆ ಅವಳಮ್ಮನದು. ಮುಂದಿನ ವಾರದಿಂದ ಅವಳಿಗೆ ಗುಡ್ಡದ ಮೇಲಿನ ಮನೆಗಳಂತೆ, ಗಾಡಿ ಏರು ಹತ್ತುವುದಿಲ್ಲ, ಹದಿಮೂರು ಹಲ್ಲಿನದು ಇದ್ರೂ ಹೀಗೆ ಏದುಸಿರು ಬಿಡುತ್ತಲ್ಲಪ್ಪ, ಅದನ್ನ ತೆಗೆದು ಹನ್ನೆರಡು ಹಾಕಿಬಿಡು ಅಂದಳು ಬಂದವಳೇ — ಹದಿಮೂರಂತೆ, ಹದಿಮೂರು ಎಲ್ಲಿದೆಯೇ ತಾಯಿ. ಕವರಿನ ಹಿಂದೆ ಇರುವುದು ಹದಿನೈದು. ಚೈನು ಎಳೆಯುವ ಮುಂದಿನ ಹಲ್ಲುಚಕ್ರಕ್ಕೆ ಹಲ್ಲು ಕಡಿಮೆಯಾದಷ್ಟೂ ಗಾಡಿ ಏರು ಹತ್ತುತ್ತದೆ, ಹೆಚ್ಚಿದಷ್ಟೂ ಸಪಾಟು ರಸ್ತೆಯಲ್ಲಿ ಓಡಿ ಗುಡ್ಡದಲ್ಲಿ ಸುಸ್ತಾಗುತ್ತದೆ, ಇದನ್ನು ಅವಳಿಗೆ ಕಲಿಸಿದವನು ಅವನೇ, ಹತ್ತು ವರ್ಷದವಳಿದ್ದಾಗ, ಇದೇ ಶೆಡ್ಡಿನಲ್ಲಿ, ಒಂದೊಂದು ಹಲ್ಲಿನ ಮೇಲೂ ಅವಳ ಬೆರಳಿಡಿಸಿ ಎಣಿಸಿ.

ಕಳ್ಳನ ಮನಸ್ಸು ಹುಳ್ಳಹುಳ್ಳಗೆ ಅಂತಾರೆ, ಹುಳ್ಳಗೆ ಅಂದರೆ ಹನ್ನೆರಡು ವರ್ಷ ಹುಳ್ಳಗೆ, ಆಗ ಅವಳಿಗೆ ಇಪ್ಪತ್ತೆರಡು, ಗುಡ್ಡ ಹತ್ತುವ ಪಂದ್ಯ, ಮೊದಲ ಮೂವರಿಗೆ ಬೈಕ್ ಕಾರ್ಖಾನೆಯಲ್ಲಿ ಹೊಸ ಗಾಡಿ ಓಡಿಸಿ ನೋಡುವ ಕೆಲಸ, ಒಂದು ತಿಂಗಳು ಅಪ್ಪ ಮಗಳು ಸೇರಿ ಗಾಡಿ ಸಿದ್ಧ ಮಾಡಿದರು, ಹದಿಮೂರು ಹಾಕಿ ಅವಳು ಹತ್ತಿಸಿದರೆ ಮೇಕೆ ಹತ್ತಿದ ಹಾಗೆ, ಗಡಿಯಾರ ಹಿಡಿದು ನಿಂತವನಿಗೇ ನಂಬಿಕೆ ಬಾರದು. ಗೆಲ್ಲುತ್ತಾಳೆ ಅಂತ ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟ. ಅದರ ಹಿಂದಿನ ವರ್ಷ ಅದೇ ಗುಡ್ಡದ ಮೂರನೇ ತಿರುವಿನಲ್ಲಿ ಪೇಂಟರನ ಮಗ ಬಿದ್ದಿದ್ದ, ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾನೆ, ಗೆದ್ದರೆ ದಿನಾ ಅದೇ ಬಾಳು, ದಿನಾ ಒಂದು ತಿರುವು, ಹೆಂಡತಿ ರಾತ್ರಿಯೆಲ್ಲ ನಿದ್ದೆ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿ, ಅವಳಿಗೆ ಬೇಡ ಅನ್ನೋಕೆ ನಿಮಗೆ ಬಾಯಿ ಬರಲ್ಲ ಅಲ್ವಾ ಅಂದಳು, ಬರಲಿಲ್ಲ, ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಮಗಳ ಮುಂದೆ ಹೊಲಿದುಕೊಂಡಿತು, ಬಾಯಲ್ಲಿ ಬಾರದ ಬೇಡವನ್ನು ಎರಡು ಹಲ್ಲು ಹೆಚ್ಚಿಗೆ ಹಾಕಿ ಹೇಳಿದ, ಪಂದ್ಯದ ಹಿಂದಿನ ಸಂಜೆ, ಅವಳು ಹೊಸ ಕೈಗವಸು ತರಲು ಹೋಗಿದ್ದಾಗ, ಹದಿಮೂರು ತೆಗೆದು ಹದಿನೈದು, ಹಿಂದಿನ ಗಾಲಿ ಒಂದು ಚೂರು ಮುಂದಕ್ಕೆ, ಚೈನು ಬಿಗಿ, ಕವರು ಮುಚ್ಚಿ ಒರೆಸಿ — ಎಂಥ ಅಚ್ಚುಕಟ್ಟು, ಆ ಅಚ್ಚುಕಟ್ಟಿಗೆ ಬೆಂಕಿ ಬಿದ್ದಿದ್ದರೆ ಚೆನ್ನಾಗಿತ್ತು. ಬೆಳಿಗ್ಗೆ ಒಂದು ಸುತ್ತು ಹೋಗಿ ಬಂದು, ಅಪ್ಪ, ಗಾಡಿ ಭಾರ ಅನ್ನಿಸ್ತಿದೆ ಅಂದಳು. ತಣ್ಣಗಿದೆ, ಬಿಸಿಯಾದ್ರೆ ಸರಿ ಹೋಗುತ್ತೆ ಅಂದ. ನಂಬಿದಳು. ಅಪ್ಪ ಅಂದಮೇಲೆ ನಂಬದೆ.

ಮೂರನೇ ತಿರುವಿನ ಕಲ್ಲುಗೋಡೆಯ ಮೇಲೆ ಅವನೇ ನಿಂತಿದ್ದ, ಬಿದ್ದರೆ ಹಿಡಿಯುವವನ ಹಾಗೆ, ಬಂದಳು, ಎಂಜಿನ್ನಿನ ಸದ್ದು ಕುಗ್ಗಿತು, ಆಕ್ಸಿಲೇಟರ್ ಪೂರ್ತಿ ತಿರುಗಿಸಿದ್ದಾಳೆ, ಗಾಡಿ ಏಳುತ್ತಿಲ್ಲ, ಪಕ್ಕದಿಂದ ಒಬ್ಬ ದಾಟಿದ, ಇನ್ನೊಬ್ಬ, ಆಗ ಅವಳು ತಲೆ ತಗ್ಗಿಸಿ ತನ್ನ ಬಲಗೈ ನೋಡಿಕೊಂಡಳು — ಗಾಡಿಯನ್ನಲ್ಲ, ಅಪ್ಪನನ್ನಲ್ಲ, ಕೈಯನ್ನು. ಐದನೆಯವಳಾದಳು. ನನ್ನ ಕೈಲಿ ಆಗಲ್ಲ ಬಿಡಪ್ಪ ಅಂದು ಹೆಲ್ಮೆಟ್ಟು ಅಟ್ಟದ ಮೇಲೆ ಇಟ್ಟವಳು ಇಳಿಸಲೇ ಇಲ್ಲ, ಅಮ್ಮನಿಗೆ ಕಣ್ಣು ತುಂಬ ನಿದ್ದೆ, ಮಗಳಿಗೆ ಮೀಟರ್ ಓದುವ ಕೆಲಸ, ಮನೆಮನೆಯ ಕೊಳಾಯಿ ಮುಂದೆ ಬಗ್ಗಿ ನಂಬರು ಬರೆದುಕೊಳ್ಳುವುದು, ಅದೇ ಗಾಡಿಯಲ್ಲಿ, ಸಪಾಟು ಬೀದಿಗಳಲ್ಲಿ. ಮಾರನೇ ದಿನವೇ ಹದಿಮೂರು ವಾಪಸು ಹಾಕಬಹುದಿತ್ತಲ್ಲ ಮುದುಕಾ — ಹಾಕಿದರೆ ಗಾಡಿ ಮತ್ತೆ ಹಗುರಾಗುತ್ತದೆ, ಅವಳಿಗೆ ತಕ್ಷಣ ಗೊತ್ತಾಗುತ್ತದೆ, ಅದಕ್ಕೇ ಹನ್ನೆರಡು ವರ್ಷದಲ್ಲಿ ಮೂರು ಸಲ ಚೈನು, ಹಲ್ಲುಚಕ್ರ ಎಲ್ಲ ಸವೆದು ಹೊಸದು ಹಾಕಿದಾಗಲೂ ಹುಡುಕಿ ಹದಿನೈದೇ ತಂದ, ಬೇರೆ ಯಾರ ಕೈಗೂ ಗಾಡಿ ಕೊಡಗೊಡಲಿಲ್ಲ, ನೋಡಿ, ಮಗಳ ಗಾಡಿ ಅಂದ್ರೆ ಎಷ್ಟು ಪ್ರೀತಿ ಅಂದರು ಬೀದಿಯವರು.

ಮೂರನೆಯ ಬೋಲ್ಟೂ ಬಂತು. ಕವರು ತೆಗೆದ, ಗ್ರೀಸಿನ ಕೆಸರು, ಅದರ ಹಿಂದೆ ಹದಿನೈದು ಮುಚ್ಚಿಕೊಂಡೇ ಇರಬಹುದಿತ್ತು, ಬಟ್ಟೆ ಹಾಕಿ ಒಂದೇ ಏಟಿಗೆ ತೆಗೆದು ಜೇಬಿಗೆ ಇಳಿಸುವ ಚಾಕಚಕ್ಯ ಇನ್ನೂ ಬೆರಳಲ್ಲಿದೆ, ಇಲ್ಲವೇ ಬಿಡಿಭಾಗದ ಅಂಗಡಿಯವನ ತಲೆಗೆ ಕಟ್ಟಬಹುದು, ಆ ದಡ್ಡ ತಪ್ಪು ಕೊಟ್ಟ ಅಂದರೆ ಆಯಿತು — ನಟ್ಟು ಬಿಚ್ಚಿದ, ಚೈನು ಸರಿಸಿದ, ಚಕ್ರ ಕೈಗೆ ಬಂತು, ಭಾರ. ಎಲ್ಲಿ ಕೊಡು, ಎಷ್ಟು ಸವೆದಿದೆ ನೋಡೋಣ ಅನ್ನುತ್ತಾಳೆ, ಕೈ ಚಾಚಿದ್ದಾಳೆ, ಇಟ್ಟುಬಿಟ್ಟ. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿ ಹೆಬ್ಬೆರಳಲ್ಲಿ ಹಲ್ಲೊಂದೊಂದನ್ನೂ ಮುಟ್ಟುತ್ತ ಹೋಗುತ್ತಾಳೆ, ಅವನು ಕಲಿಸಿದ ಹಾಗೇ, ಒಂದು ಸುತ್ತು, ಮತ್ತೆ ಮೊದಲಿಂದ ಇನ್ನೊಂದು ಸುತ್ತು, ಬಟ್ಟೆಯಲ್ಲಿ ಉಜ್ಜಿ ಅಚ್ಚೊತ್ತಿದ ಅಂಕಿ ನೋಡುತ್ತಾಳೆ. ಶೆಡ್ಡಿನ ತಗಡು ಬಿಸಿಲಿಗೆ ಟಣ್ಣೆನ್ನುತ್ತದೆ.

ಯಾವಾಗಪ್ಪ ಇದು.

ಅಂಗಡಿಯವನು ಅಂತ ಬಾಯಿ ತೆರೆದ, ಬಂದದ್ದು ಬೇರೆ, ನಾನೇ ಕಣೇ, ಪಂದ್ಯದ ಹಿಂದಿನ ಸಂಜೆ.

ಅವಳು ಬೈಯಲಿಲ್ಲ, ಬೈದಿದ್ದರೆ ಎದ್ದು ನೀರು ಕುಡಿಯಬಹುದಿತ್ತು, ನಾನು ದಿನಾ ಅಂದ್ಕೊಳ್ತಿದ್ದೆ ಅಪ್ಪ, ಆ ತಿರುವಲ್ಲಿ ನನ್ನ ಕೈ ಹೆದರಿಬಿಡ್ತು ಅಂತ, ಅಷ್ಟೇ ಅಂದಳು — ಮುಂದೆ ಏನಾದರೂ ಹೇಳಬೇಕು, ಹನ್ನೆರಡು ಹಾಕುತ್ತೇನೆ ಅನ್ನಬೇಕು, ನಿನ್ನಮ್ಮನ ಹೆದರಿಕೆ ಅನ್ನಬೇಕು, ಇಲ್ಲ, ನನ್ನದೇ ಅನ್ನಬೇಕು, ಕಣ್ಣ ಮುಂದೆ ಅದೇ ಮೂರನೇ ತಿರುವು, ಆಕ್ಸಿಲೇಟರ್ ಪೂರ್ತಿ, ಅವಳು ತಲೆ ತಗ್ಗಿಸಿ ಬಲಗೈ ನೋಡಿಕೊಳ್ಳುತ್ತಿದ್ದಾಳೆ, ಬಲಗೈ ನೋಡಿಕೊಳ್ಳುತ್ತಿದ್ದಾಳೆ,