ಅಳಿಯನ ಐದು ನಿಮಿಷ

ಗ್ಯಾರೇಜ್ ಇಟ್ಟಿದ್ದ ಅಳಿಯನಿಗೆ ತಾಳ್ಮೆ ಇರಲಿಲ್ಲ. ಅತ್ತೆಯ ಕಾರಿನಲ್ಲಿ ದಾರಿಯುದ್ದಕ್ಕೂ ಎಂಜಿನ್ ದೀಪ ಉರಿದಿತ್ತು. ದೋಷದ ಕೋಡ್ ಓದಲು ಅವನು ಸ್ಕ್ಯಾನರನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿದ.

"ಐದೇ ನಿಮಿಷ ಅತ್ತೆ. ಮಧ್ಯೆ ಬಾಯಿ ಹಾಕಬೇಡಿ."

"ಆಗಲ್ಲ ಅಂದ್ರೆ ಹೇಳಿಬಿಡಿ ಅಳಿಯಂದ್ರೇ, ಇನ್ಮೇಲೆ ಎದುರು ಗ್ಯಾರೇಜಿಗೇ ಹೋಗ್ತೀನಿ" ಎಂದು ಅತ್ತೆ ಸ್ಟೂಲಿನ ಮೇಲೆ ಕೂತರು.

ಸ್ಕ್ಯಾನರಿನ ದೀಪವೇನೋ ಹತ್ತಿತು. ಪರದೆಯ ಮೇಲೆ ಮಾತ್ರ ‘ಸಮಯ ಮೀರಿತು, ಉತ್ತರವಿಲ್ಲ’ ಎಂದೇ ಬರುತ್ತಿತ್ತು. ಅವನು ಕೇಬಲ್ ಬದಲಿಸಿದ, ಫ್ಯೂಸುಗಳನ್ನು ಕಿತ್ತು ನೋಡಿ ಮತ್ತೆ ಹಾಕಿದ, ಕೊನೆಗೆ ಡ್ಯಾಶ್‌ಬೋರ್ಡಿನ ಮುಚ್ಚಳಗಳನ್ನೆಲ್ಲ ಕ್ಲಿಪ್ಪು ಮುರಿಯುವಂತೆ ಎಳೆದು ನೆಲಕ್ಕೆ ಹಾಕಿದ. ಎರಡು ಗಂಟೆ ಅತ್ತೆ ತುಟಿ ಪಿಟಿಕ್ಕೆನ್ನಲಿಲ್ಲ.

"ಕಾರಿನ ಕಂಪ್ಯೂಟರೇ ಸತ್ತಿದೆ ಅತ್ತೆ."

"ಈಗ ಬಾಯಿ ಹಾಕಬಹುದಾ?" ಅತ್ತೆ ಪರ್ಸಿನಿಂದ ಕೀ ತೆಗೆದರು. "ಇದನ್ನ ಆನ್ ಮಾಡದೆ ಅದು ಹೇಗೆ ಮಾತಾಡುತ್ತೆ? ಎದುರಿನವನು ಮೊದಲು ಕೀ ಕೇಳ್ತಾನಪ್ಪ."

ಕೀ ತಿರುಗಿಸಿದ ಕೂಡಲೇ ಕೋಡ್ ಬಂತು: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲ. ಅತ್ತೆ ಅದನ್ನು ತಾವೇ ಬಿಗಿಮಾಡಿ, ಅಳಿಯ ಕಿತ್ತದ್ದನ್ನು ಜೋಡಿಸಿಕೊಳ್ಳಲು ಎದುರು ಗ್ಯಾರೇಜಿಗೆ ಕಾರು ಓಡಿಸಿದರು.

ಅಳಿಯ ಕಳೆದುಕೊಂಡದ್ದು ಎರಡು ಗಂಟೆ, ಏಳು ಕ್ಲಿಪ್ಪು, ಒಬ್ಬ ಗಿರಾಕಿ.